ಮೊಣಕಾಲೊಳಗಿನ ಕೂಸುಗಳು

ಲಾಲಮ್ಮ ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಎರೆಯುವವಳು. ಗುಂಡಗುರ್ತಿಯಿಂದ ಮದುವೆಯಾಗಿ ಶಹಾಬಾದಕ್ಕೆ ಬಂದಾಗಿನಿಂದ ಇದೇ ಕೆಲಸ. ಗಂಡ ಕಲ್ಲು ಪಾಲಿಶ್ ಮಾಡಲು ಹೋದರೆ ಈಕೆ ಬಾಣಂತಿಯರ ಮನೆಗೆ. ನನಗೆ ಎರೆದವಳೂ ಆಕೆಯೇ. ಈಗ ನನ್ನ ಮಗ ಪ್ರಬುದ್ಧನ ಪಾಳಿ.

ಬಚ್ಚಲಿನಲ್ಲಿ ಕುಳಿತು ಎರಡೂ ಕಾಲು ಚಾಚಿ, ಅವುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಎರೆಯಬೇಕು. ಆದರೆ ಈ ಚಳಿಗಾಲದಲ್ಲಿ ಲಾಲಮ್ಮನ ಮೊಣಕಾಲು ಬಾತು ಚಾಚುವುದೇ ಕಷ್ಟವಾಗಿತ್ತು. ಮುಟ್ಟಿದರೆ, ಹೊತ್ತು ಮುಳುಗಿದ ಮೇಲೂ ಆರದ ಹಾಸುಗಲ್ಲಿನಂತೆ ಬಿಸಿ. ಕಾಲು ಹೋದರೆ ಕೆಲಸವೂ ಹೋಯಿತು. ಆದರೂ ದವಾಖಾನೆ ಎಂದರೆ ಬೆನ್ನು ತಿರುಗಿಸುತ್ತಿದ್ದಳು.

ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ಸದ್ಯ ಹೆರಿಗೆ ರಜೆ. ಹಾಲುಣಿಸುತ್ತ ಫೋನಿನಲ್ಲಿ ಓದಿದ್ದನ್ನು ಆಕೆಗೆ ಹೇಳಿದೆ. ವಯಸ್ಸಾದಂತೆ ಮೈಯೊಳಗಿನ ಕೆಲವು ಜೀವಕೋಶಗಳು ಕೆಲಸ ನಿಲ್ಲಿಸುತ್ತವೆ, ಆದರೆ ಸಾಯುವುದಿಲ್ಲ. ಅಲ್ಲೇ ಉಳಿದು ನೆರೆಯ ಕೋಶಗಳಿಗೂ ಉರಿ ಹಬ್ಬಿಸುತ್ತವೆ.

ಲಾಲಮ್ಮನ ಕೈ ಎಣ್ಣೆಬಟ್ಟಲಲ್ಲೇ ನಿಂತಿತು.

“ಸಾಯಂಗಿಲ್ಲ, ಬಿಟ್ಟು ಹೋಗಂಗೂ ಇಲ್ಲ?”

“ಹೂಂ ಆಯಿ.”

“ನಾ ಹೇಳಿದ್ರ ಹುಚ್ಚಿ ಅಂದ್ರು. ನಿನ್ನ ಫೋನಿಗೂ ಗೊತ್ತದ ನೋಡು.”

“ಏನು ಗೊತ್ತದ?”

“ನಾ ಎರೆದ ಕೂಸುಗಳೊಳಗ ಉಳೀಲಾರದವು ಭಾಳ ಇದ್ವು. ತೊಟ್ಟಿಲಾ ಬಿಟ್ಟು ಹೋದ್ವು, ನನ್ನ ಕಾಲು ಬಿಡಲಿಲ್ಲ. ಸಂಜೀಕ ಅಳಾಕತ್ತಾವಂದ್ರ ಬಿಸಿ ಏರ್ತದ. ದವಾಖಾನಿಯವರು ಸೂಜಿ ಚುಚ್ಚಿ ಅವನ್ನ ಕೊಂದ್ರ ನಾ ಯಾರಿಗಿ ಹೇಳ್ಲಿ?”

ಕಿವಿ ಇಟ್ಟು ಕೇಳು ಎಂದು ಮೊಣಕಾಲು ಮಡಚಿದಳು. ಒಳಗೆ ಕಟಕಟ ಎಂದಿತು. ಸವೆದ ಕೀಲಿನ ಸದ್ದು, ಮಕ್ಕಳಿಗೆ ನಾನೇ ಪಾಠ ಮಾಡಿದ್ದೇನೆ. ಆದರೂ ಯಾರೋ ಇಕ್ಕಟ್ಟಿನಲ್ಲಿ ಮಗ್ಗುಲು ಬದಲಿಸಿದಂತೆ ಅನಿಸಿ ಕಿವಿ ತೆಗೆದುಬಿಟ್ಟೆ.

ಅಂದು ಮಗನನ್ನು ಆಕೆಯ ಕೈಗೆ ಕೊಡಲಿಲ್ಲ. ನಾನೇ ಎರೆದೆ. ಅವನು ಕಿರುಚುತ್ತಲೇ ಇದ್ದ. ಹೊಸ್ತಿಲಲ್ಲಿ ಕುಳಿತ ಲಾಲಮ್ಮ, “ನನ್ನ ಕಾಲ ಮ್ಯಾಲ ಉಚ್ಚಿ ಹೊಯ್ದಾಕಿ, ಈಗ ನಂಗ ಅಂಜ್ತೀಯೇನವಾ?” ಎಂದಳು. ನಕ್ಕಳು, ಆದರೆ ಕಣ್ಣು ನಗಲಿಲ್ಲ. ಆಮೇಲೆ ಕೇಳಿದಳು, “ಅದಕ್ಕ ಔಷಧ ಏನೂ ಬರ್ದಿಲ್ಲೇನು?”

ಬರೆದಿತ್ತು. ಕೊತ್ತಂಬರಿಯ ಬಳಗದ ಕೆಲವು ಸೊಪ್ಪುಗಳಲ್ಲಿ ಎಪಿಜೆನಿನ್ ಎಂಬ ಅಂಶವಿದೆ. ಅದು ಆ ಕೋಶಗಳನ್ನು ಕೊಲ್ಲದೆ ಅವು ಎಬ್ಬಿಸುವ ಉರಿಯನ್ನು ಮಾತ್ರ ತಗ್ಗಿಸಬಹುದಂತೆ. ಅದೂ ಪ್ರಯೋಗಶಾಲೆಯ ಕೋಶಗಳಲ್ಲಿ, ಇಲಿಗಳಲ್ಲಿ ಕಂಡದ್ದು. ಮನುಷ್ಯರ ಮೊಣಕಾಲಿಗೆ ಇನ್ನೂ ಖಾತ್ರಿಯಿಲ್ಲ.

“ಕೊಲ್ಲಂಗಿಲ್ಲ?”

“ಇಲ್ಲ ಆಯಿ. ಸುಮ್ಮ ಮಾಡಬಹುದು ಅಂತಾರ, ಅಷ್ಟೇ.”

ಆಕೆ ಮೊಣಕಾಲಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ತಟ್ಟಿದಳು. ನಾನು ಬಿಡಲಿಲ್ಲ. “ಡಾಕ್ಟರ್ ಕೊಡೋ ಗುಳಿಗಿನೂ ಬಾವು ಇಳಸ್ತದ, ಅದೂ ಯಾರನ್ನೂ ಕೊಲ್ಲಂಗಿಲ್ಲ. ನಾ ಸಂಗಾಟ ಬರ್ತೀನಿ,” ಎಂದೆ.

ದವಾಖಾನೆಯಲ್ಲಿ ಡಾಕ್ಟರ್ ನಾಜಿಯಾ ಕಾಲು ಒತ್ತಿ ನೋಡಿ ಗುಳಿಗೆ ಬರೆದರು, ಕುಳಿತಲ್ಲೇ ಮಾಡುವ ವ್ಯಾಯಾಮ ಕಲಿಸಿದರು. ಸೊಪ್ಪಿನ ಮಾತೆತ್ತಿದಾಗ, “ಊಟದಾಗ ಭರಪೂರ ತಿನ್ರಿ. ಅದನ್ನೇ ಔಷಧ ಅಂದುಕೊಂಡು ಗುಳಿಗಿ ಬಿಡಬ್ಯಾಡ್ರಿ,” ಎಂದರು. ಲಾಲಮ್ಮ ಎರಡನ್ನೂ ಬಿಡಲಿಲ್ಲ. ಬಾವು ನಿಧಾನಕ್ಕೆ ಇಳಿಯಿತು.

ಇಂದು ಬೆಳಿಗ್ಗೆ ಬಚ್ಚಲಿನಲ್ಲಿ ಕುಳಿತು, ಹಲ್ಲು ಕಚ್ಚಿ, ಒಂದೊಂದೇ ಕಾಲು ಚಾಚಿ ನನ್ನತ್ತ ಕೈ ನೀಡಿದಳು.

“ಕೊಡವಾ.”

ನಾನು ಮಗನನ್ನು ಎದೆಗೊತ್ತಿಕೊಂಡು ನಿಂತೇ ಇದ್ದೆ.

“ಆಯಿ, ಅವು ಇನ್ನೂ ಒಳಗ ಅವೇನು?”

“ಎಲ್ಲಿಗಿ ಹೋಗ್ತಾವ? ಮಲಕೊಂಡಾವ,” ಎಂದು ದನಿ ತಗ್ಗಿಸಿದಳು. “ಮೆಲ್ಲಕ ಇಡು. ಎಬ್ಬಿಸಬ್ಯಾಡ.”

ಪ್ರಬುದ್ಧನನ್ನು ಆಕೆಯ ಕಾಲ ಮೇಲೆ ಮಲಗಿಸಿದೆ. ಅವನು ಅಳಲಿಲ್ಲ. ನಾನು ನೀರಿನ ಚೊಂಬು ಕಲ್ಲಿಗೆ ತಾಗಿ ಸದ್ದಾಗದಂತೆ ಎತ್ತಿ ಆಕೆಯ ಕೈಗಿತ್ತೆ.