ತಾಯತದ ಎಡಮೂಲೆ

ಸೊರಬದಲ್ಲಿ ಹೊಸ ಮನೆ ಕಟ್ಟಿಸಿದ ಮೇಲೆ ನನ್ನ ತಮ್ಮನಿಗೆ ಗೋಡೆಗಳ ಹುಚ್ಚು ಹಿಡಿದಿದೆ. ಖಾಲಿ ಗೋಡೆ ಕಂಡರೆ ಏನಾದರೂ ತಗುಲಿಹಾಕಲೇಬೇಕು. ಹೋದ ತಿಂಗಳು ಅವನ ಮಗಳನ್ನು ನೋಡಲೆಂದು ಶಿಕಾರಿಪುರದಿಂದ ಬಸ್ಸು ಹತ್ತಿ ಹೋದೆ. ಕೂಸಿಗೆ ಹಲ್ಲು ಬರುವ ಹೊತ್ತು, ಬಾಯಿ ತುಂಬ ಜೊಲ್ಲು. ಕೊರಳು ಮಾತ್ರ ಬರಿದು.

‘ತಾಯ್ತ ಎಲ್ಲೋ?’ ಎಂದೆ.

ಅವನು ಹೆಮ್ಮೆಯಿಂದ ನಡುಮನೆಯ ಗೋಡೆ ತೋರಿಸಿದ. ಕೆಂಪು ಮಖಮಲ್ಲಿನ ಮೇಲೆ, ಗಾಜಿನ ಹಿಂದೆ, ಚಿಕ್ಕ ಲೈಟಿನ ಕೆಳಗೆ ನಮ್ಮ ಮನೆಯ ತಾಯತ ಮಿರಮಿರ ಮಿಂಚುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮದು ಪಿಂಜಾರರ ಮನೆ. ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ ಅಪ್ಪ ಬೆಳ್ಳಿ ಕೊಂಡದ್ದು ಆ ತಾಯತದ ಡಬ್ಬಿಗೊಂದೇ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ತೆಳು ತಗಡಿನದು, ಮೈಮೇಲೆ ಬಳ್ಳಿಯ ಕೆತ್ತನೆ, ಕೆಳಗೆ ಸಾಲು ಗೆಜ್ಜೆ. ಒಳಗೆ ಕುರಾನಿನ ಆಯತ್ತು ಬರೆದ ಕಾಗದ. ಹುಟ್ಟಿದ ಕೂಸಿಗೆ ನಲವತ್ತು ದಿನ ಕಳೆದ ಮೇಲೆ ಕಟ್ಟಿದರೆ ನಡೆಯುವವರೆಗೂ ಬಿಚ್ಚುವಂತಿಲ್ಲ. ಹಲ್ಲು ಬರುವಾಗ ಮಕ್ಕಳೆಲ್ಲ ಕಚ್ಚುತ್ತಿದ್ದುದು ಅದನ್ನೇ. ನಾನು ಕಚ್ಚಿದ್ದೆ, ನನ್ನ ಬೆನ್ನಿಗೆ ಹುಟ್ಟಿದವನು ಕಚ್ಚಿದ್ದ. ಅವನು ನಡೆಯುವ ಮೊದಲೇ ಜ್ವರದಲ್ಲಿ ಹೋಗಿಬಿಟ್ಟ. ಒಂದು ಫೋಟೊ ಇಲ್ಲ, ಒಂದು ಅಂಗಿ ಇಲ್ಲ. ತಾಯತದ ಎಡಮೂಲೆಯಲ್ಲಿ ಅವನ ಹಲ್ಲು ಮಾಡಿದ ನಗ್ಗು ಮಾತ್ರ ಇತ್ತು. ಈ ತಮ್ಮ ಹುಟ್ಟಿದ್ದು ಆಮೇಲೆ.

ಅವ್ವ ಮಧ್ಯಾಹ್ನ ಸುಮ್ಮನೆ ಕೂತಾಗ ಆ ಮೂಲೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು. ಕಣ್ಣು ಮಂಜಾದ ಮೇಲಂತೂ ಅದೇ ಕೆಲಸ. ಈಗ ಇವನ ಜೊತೆಗಿರುವ ಅವಳು ತಾಯತ ಕೇಳಿದಾಗಲೆಲ್ಲ ‘ಗೋಡೆ ಮ್ಯಾಲೆ ಭದ್ರ ಐತೆ’ ಎಂದು ಇವನು ಬಾಯಿ ಮುಚ್ಚಿಸುತ್ತಿದ್ದನಂತೆ.

‘ಬಿಚ್ಚು ಅದನ್ನ,’ ಎಂದೆ.

‘ಯಾಕಕ್ಕ, ಚೆಂದ ಆಗೇತಲ್ಲ. ಅಕ್ಕಸಾಲಿ ನಗ್ಗೆಲ್ಲ ತೆಗ್ದು ಪಾಲಿಶ್ ಮಾಡಿಕೊಟ್ಟಾನೆ. ಕಾಗ್ದ ಬ್ಯಾರೆ ಜ್ವಾಪಾನ ಇಟ್ಟೀನಿ.’

ಕಾಗದಕ್ಕೆ ಅಪಚಾರ ಆಗಬಾರದು ಅನ್ನುವಷ್ಟು ಬುದ್ಧಿ ಇತ್ತು, ಪುಣ್ಯಾತ್ಮನಿಗೆ. ಅವ್ವನ ಹೆಬ್ಬೆರಳು ದಿನಾ ಅದೇ ಮೂಲೆಗೆ ಹೋಗುವುದನ್ನು ಕಂಡೂ ಯಾಕೆ ಅಂತ ಒಂದು ದಿನವೂ ಕೇಳಲಿಲ್ಲ. ಆ ನಗ್ಗು ಯಾರದು ಅಂತ ಹೇಳಿದೆ, ಬೈದುಕೊಂಡೇ ಹೇಳಿದೆ. ‘ನಂಗ್ಯಾರೂ ಹೇಳೇ ಇಲ್ವಲ್ಲಕ್ಕ,’ ಎಂದ. ಅದೂ ನಿಜವೇ, ಸತ್ತ ಕೂಸಿನ ಮಾತನ್ನು ನಮ್ಮ ಮನೆಯಲ್ಲಿ ಎತ್ತುತ್ತಿರಲಿಲ್ಲ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಇವತ್ತಿಗೂ ಇಳಿದಿಲ್ಲ.

ಅವನು ಫ್ರೇಮು ಬಿಚ್ಚಿದ, ಕಾಗದವನ್ನು ಮತ್ತೆ ಒಳಗಿಟ್ಟು ದಾರ ಪೋಣಿಸಿ ಅವ್ವನ ಕೈಗೆ ಕೊಟ್ಟ. ಅವಳ ಹೆಬ್ಬೆರಳು ಎಡಮೂಲೆಗೆ ಹೋಯಿತು. ನುಣ್ಣಗಿತ್ತು. ಬಲಮೂಲೆಗೆ ಹೋಯಿತು, ತಿರುಗಿಸಿಕೊಂಡು ಹಿಂಬದಿಗೆ ಹೋಯಿತು. ಆಮೇಲೆ ತಡಕಾಡಿ ಮೊಮ್ಮಗಳ ಕೊರಳಿಗೆ ಕಟ್ಟಿದಳು. ಕೂಸು ಅದನ್ನು ಬಾಯಿಗಿಟ್ಟುಕೊಂಡು ಕಚ್ಚತೊಡಗಿತು.

ಅಷ್ಟೆಲ್ಲ ಬೈಸಿಕೊಂಡ ಮೇಲೂ ತಮ್ಮ ಕೈ ಚಾಚಿದ. ‘ಅವ್ವ, ನಗ್ಗುತ್ತೆ ಅದು.’

ಅವ್ವ ಅವನ ಕೈ ತಳ್ಳಿದಳು.

‘ನಗ್ಗಲಿ.’