ಯಾದ್ವಿಗಾಳ ಗಂಡ ಬರಲಿ ಎಂದು

ಯಾದ್ವಿಗಾಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ? ಕನ್ನಡ ಕೂಟದಲ್ಲಿ ಯಾರಾದರೂ ಹಳೆಯ ಡೆಟ್ರಾಯಿಟಿನ ಮಾತೆತ್ತಿದರೆ ಸಾಕು, ನನ್ನ ಗಂಡ ಶ್ರೀಧರ್ ಶುರುಮಾಡುತ್ತಾರೆ: ‘ನಮ್ಮ ವಸುಧಾ ಪೋಲೆಂಡಿನ ಒಬ್ಬ ಕೈದಿಯನ್ನ ಬಿಡಿಸೋಕೆ ಸೈನ್ ಹಾಕಿದ್ಳು.’ ನಾನು ಯಾಕೆ ಹಾಕಿದೆ ಎಂಬುದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಎಂಬತ್ತೊಂದನೇ ಇಸವಿ. ಡೆಟ್ರಾಯಿಟಿಗೆ ಅಂಟಿಕೊಂಡ ಹ್ಯಾಮ್‌ಟ್ರಾಮಿಕ್‌ನಲ್ಲಿ, ಪೋಲೆಂಡಿನವರೇ ತುಂಬಿದ್ದ ಬೀದಿಯಲ್ಲಿ, ಒಂದು ಮರದ ಮನೆಯ ಕೆಳಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಕಾರಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಶ್ರೀಧರ್‌ಗೆ ಡ್ರಾಯಿಂಗ್ ಆಫೀಸಿನ ಕೆಲಸ ಹೋಗಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ ಉಳಿದಿತ್ತು, ಹಾಗಾಗಿ ಸಂಸಾರ ನಡೆಯುತ್ತಿತ್ತು.

ಮೇಲಿನ ಮನೆಗೆ ಆ ಬೇಸಿಗೆಯಲ್ಲಿ ಬಂದವಳು ಯಾದ್ವಿಗಾ. ಕಾಯಿಲೆ ಬಿದ್ದ ಚಿಕ್ಕಮ್ಮನನ್ನು ನೋಡಿಕೊಳ್ಳಲು ಪೋಲೆಂಡಿನಿಂದ ಬಂದಿದ್ದಳು. ಚಿಕ್ಕಮ್ಮ ತೀರಿಕೊಂಡ ಮೇಲೆ ಜನವರಿಯ ಟಿಕೆಟಿಗೆ ಕಾಯುತ್ತ ಬೀದಿ ಕೊನೆಯ ಬೇಕರಿಯಲ್ಲಿ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಳು. ಎತ್ತರದ ಹೆಂಗಸು, ಮಣಿಕಟ್ಟಿನಷ್ಟು ದಪ್ಪದ ಜಡೆ. ಕಸ ಹಾಕಲು ಇಳಿದರೂ ಇಸ್ತ್ರಿ ಮಾಡಿದ ಬ್ಲೌಸು. ನಕ್ಕರೆ ನಮ್ಮ ಕಿಟಕಿಗಳು ಅದುರುತ್ತಿದ್ದವು. ಗಂಡ ಮಾರೆಕ್ ಅಲ್ಲಿನ ಹಡಗು ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡರ್, ಸರ್ಕಾರವನ್ನು ಎದುರು ಹಾಕಿಕೊಂಡಿದ್ದ ಸಾಲಿಡಾರಿಟಿ ಕಾರ್ಮಿಕ ಸಂಘದ ಮುಂದಾಳು.

ಡಿಸೆಂಬರ್ ಹದಿಮೂರು, ಭಾನುವಾರ. ಬೆಳಿಗ್ಗೆ ಅವಳು ಬರಿಗಾಲಲ್ಲಿ ಮೆಟ್ಟಿಲಿಳಿದು ಬಂದು ನಮ್ಮ ಬಾಗಿಲು ಬಡಿದಳು. ಪೋಲೆಂಡಿನಲ್ಲಿ ಸೈನ್ಯ ಬೀದಿಗೆ ಇಳಿದಿತ್ತು. ಫೋನುಗಳೆಲ್ಲ ಸತ್ತಿದ್ದವು, ವಿಮಾನಗಳು ನಿಂತಿದ್ದವು; ಅವಳ ಜನವರಿಯ ಟಿಕೆಟ್ಟೂ ಹೋಯಿತು. ಸಂಘದವರನ್ನು ಹಾಸಿಗೆಯಿಂದ ಎಬ್ಬಿಸಿ ಎಳೆದೊಯ್ದಿದ್ದರು. ಶ್ರೀಧರ್ ತಮ್ಮ ಶಾರ್ಟ್‌ವೇವ್ ರೇಡಿಯೋ ತೆಗೆದರು. ಅವತ್ತು ನನ್ನ ಅಡುಗೆಮನೆಯಲ್ಲಿ ಕೂತವಳು ಮತ್ತೆ ಏಳಲೇ ಇಲ್ಲ ಎನ್ನಬೇಕು.

ನಾನು ಡ್ಯೂಟಿ ಮುಗಿಸಿ ಬಂದರೆ ರೇಡಿಯೋಗೆ ಅಂಟಿಕೊಂಡ ಎರಡು ತಲೆ, ಒಂದು ಕಪ್ಪು, ಒಂದು ಹೊಂಬಣ್ಣ. ಒಂದು ದಿನ ನೋಡುತ್ತೇನೆ, ಅವಳ ಮುಂದೆ ಹಬೆಯಾಡುವ ಫಿಲ್ಟರ್ ಕಾಫಿ!

‘ಯಾರ್ರೀ ಮಾಡಿದ್ದು?’

‘ನಾನೇ ಕಣೆ. ಪಾಪ, ಬೆಳಗಿನಿಂದ ಏನೂ ತಿಂದಿಲ್ಲ ಅವಳು.’

ಮದುವೆಯಾಗಿ ಒಂಬತ್ತು ವರ್ಷ. ಜ್ವರ ಬಂದು ಮಲಗಿದಾಗಲೂ ನನಗೊಂದು ಲೋಟ ಕಾಫಿ ಕಾಣಿಸಿದವರಲ್ಲ ಈ ಮಹಾನುಭಾವರು. ನನ್ನ ಮೈಯೆಲ್ಲ ಉರಿಯಿತು. ಟ್ಯಾಂಕು, ಸೆರೆಮನೆ ಎಲ್ಲ ನನಗೂ ಅರ್ಥವಾಗುತ್ತಿತ್ತು. ಆದರೂ ಉರಿಯಿತು.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಊಟಕ್ಕೆ ಕರೆದಳು. ಆ ಹೊತ್ತು ಅವರು ಮಾಂಸ ಮುಟ್ಟುವುದಿಲ್ಲವಂತೆ. ಬೀಟ್‌ರೂಟ್ ಸಾರು, ಆಲೂಗಡ್ಡೆಯ ಕಡುಬು ಮಾಡಿದ್ದಳು. ಇದ್ದವರು ಮೂವರು, ಮೇಜಿನ ಮೇಲೆ ತಟ್ಟೆ ನಾಲ್ಕು. ನಾಲ್ಕನೆಯದರ ಮುಂದೆ ಕುರ್ಚಿ ಖಾಲಿ. ಇಲ್ಲದವರ ಹೆಸರಿನಲ್ಲಿ ಎಡೆ ಇಟ್ಟರೆ ನಮ್ಮಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ. ಅವಳ ಕೈ ಹಿಡಿದುಕೊಂಡು ಕೇಳಿಯೇಬಿಟ್ಟೆ: ‘ಯಾವಾಗ ಹೋದ್ರು ಮಾರೆಕ್?’

ಅವಳ ಮುಖ ಬಿಳಿಚಿತು. ‘ಯಾರು ಹೇಳಿದ್ರು? ರೇಡಿಯೋದಲ್ಲಿ ಬಂತಾ? ಮಿಸೆಸ್ ವಸು, ಯಾರು ಹೇಳಿದ್ರು?’ ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಅವಳ ಉಗುರು ಸೀರೆಯ ಮೇಲಿಂದಲೇ ಚುಚ್ಚಿತು.

‘ಅಯ್ಯೋ, ಏನೇ ನಿನ್ನ ಬಾಯಿ!’ ಎಂದು ಶ್ರೀಧರ್ ನಡುವೆ ಬಂದರು. ಆ ಸಂಜೆ ಹಾದಿಯಲ್ಲಿರುವ ಯಾರಿಗೋ ಎಂದು ಒಂದು ತಟ್ಟೆ ಇಡುವುದು ಪೋಲೆಂಡಿನವರ ಪದ್ಧತಿಯಂತೆ. ಇದೆಲ್ಲ ಶ್ರೀಧರ್‌ಗೆ ಮೊದಲೇ ಗೊತ್ತಿತ್ತು. ಅದೂ ನನಗೆ ಚುಚ್ಚಿತು. ಅವಳು ಅಳುತ್ತಲೇ ನನಗೆ ಸಾರು ಬಡಿಸಿದಳು. ಅವಳು ವಿಧವೆ ಎಂದುಕೊಂಡ ಆ ಒಂದು ನಿಮಿಷ ನಾನು ಹೆದರಿದ್ದು ಅವಳಿಗಾಗಿ ಅಲ್ಲ, ನನ್ನ ಮನೆಗಾಗಿ. ಇನ್ನು ಇವಳು ನನ್ನ ಗಂಡನನ್ನೇ ಹಿಡಿದುಕೊಂಡು ಕೂರುತ್ತಾಳೆ ಎಂದು.

ವಸಂತದಲ್ಲಿ ಸುದ್ದಿ ಬಂತು. ಮಾರೆಕ್ ಬದುಕಿದ್ದಾನೆ, ಸೆರೆಯಲ್ಲಿದ್ದಾನೆ. ದೇಶ ಬಿಟ್ಟು ಹೋಗುತ್ತೇವೆ ಎನ್ನುವ ಸೆರೆಯಾಳುಗಳಿಗೆ ಅಲ್ಲಿನ ಸರ್ಕಾರ ಪಾಸ್‌ಪೋರ್ಟ್ ಕೊಡುತ್ತಿದೆ; ಹೋದವರು ಹಿಂದಿರುಗುವಂತಿಲ್ಲ. ಇಲ್ಲಿ ಯಾರಾದರೂ ಕೆಲಸದಲ್ಲಿರುವವರು ಜವಾಬ್ದಾರಿ ಹೊತ್ತರೆ ಮಾರೆಕ್‌ನನ್ನು ಅಮೆರಿಕಕ್ಕೆ ಕರೆಸಿಕೊಳ್ಳಬಹುದಂತೆ. ಬೇಕರಿಯವನು ಒಪ್ಪಲಿಲ್ಲ, ಅವನಿಗೇ ಅಂಗಡಿ ಉಳಿಯುವ ನಂಬಿಕೆ ಇರಲಿಲ್ಲ. ಶ್ರೀಧರ್ ಆ ಜವಾಬ್ದಾರಿ ಹೊರುವ ಕಾಗದ ಇಟ್ಟುಕೊಂಡು ಎರಡು ವಾರ ನನ್ನ ಹಿಂದೆ ಮುಂದೆ ಸುಳಿದಾಡಿದರು, ಕೇಳಲು ಧೈರ್ಯವಿಲ್ಲ.

ನಾನೇ ಕೇಳಿದೆ. ‘ಎಲ್ರೀ ಸೈನ್ ಹಾಕ್ಬೇಕು?’

ಅವರ ಕಣ್ಣು ತುಂಬಿತು. ‘ನಿನ್ನ ಮನಸ್ಸು ಇಷ್ಟು ದೊಡ್ಡದು ಅಂತ ನಂಗೆ ಗೊತ್ತಿರ್ಲಿಲ್ಲ ವಸು.’

ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಆ ಮಾರೆಕ್ ಬರಲಿ, ತನ್ನ ಹೆಂಡತಿಯನ್ನು ಮಹಡಿ ಹತ್ತಿಸಿಕೊಂಡು ಹೋಗಲಿ, ನನ್ನ ಗಂಡ ನನಗೆ ಸಿಗಲಿ. ನಾನು ಬೇಡಿಕೊಂಡಿದ್ದು ಅಷ್ಟೇ. ಪ್ರತಿ ಶುಕ್ರವಾರ ದೇವರಿಗೆ ದೀಪ ಹಚ್ಚಿ, ಆ ಕಾಣದ ವೆಲ್ಡರನ ಹೆಸರು ಹೇಳಿ ಕೈ ಮುಗಿದೆ.

ಜುಲೈನಲ್ಲಿ ಮಾರೆಕ್‌ನ ಉತ್ತರ ಬಂತು, ಒಬ್ಬ ಪಾದ್ರಿಯ ಕೈಯಲ್ಲಿ. ಯಾದ್ವಿಗಾ ನಮ್ಮ ಅಡುಗೆಮನೆಯಲ್ಲೇ ನಿಂತು ಓದಿದಳು, ಆಮೇಲೆ ನಮಗೆ ಇಂಗ್ಲಿಷಿನಲ್ಲಿ ಹೇಳಿದಳು: ‘ಬರಲ್ಲ ಅಂತಾನೆ. ಅವನ ಮಾತು ಕೇಳಿ ಕೆಲಸ ನಿಲ್ಲಿಸಿದವರು ಇನ್ನೂ ಒಳಗಿದ್ದಾರಂತೆ. ಅವರನ್ನ ಬಿಟ್ಟು ಪಾಸ್‌ಪೋರ್ಟ್ ತಗೊಳ್ಳಲ್ಲವಂತೆ. ನೀನು ಅಲ್ಲೇ ಇರು, ಸುಖವಾಗಿರು ಅಂತ ಬರೆದಿದ್ದಾನೆ.’

ಕಾಗದ ಮಡಿಸಿ ಬ್ಲೌಸಿನೊಳಗೆ ಇಟ್ಟುಕೊಂಡಳು. ‘ನಾನು ಹೋಗ್ತೀನಿ.’

‘ಹುಚ್ಚಾ ನಿಂಗೆ?’ ಎಂದೆ. ‘ಅಮೆರಿಕದವರೇ ನಿಮ್ಮವರನ್ನ ವಾಪಸ್ ಕಳಿಸಲ್ಲ ಅಂದಿದ್ದಾರೆ. ಹೋದ್ರೆ ಅಲ್ಲಿಂದ ಮತ್ತೆ ಬರೋಕಾಗಲ್ಲ. ಅವನನ್ನ ನೋಡೋಕಾದ್ರೂ ಬಿಡ್ತಾರಾ?’

‘ತಿಂಗಳಿಗೆ ಒಂದು ಸಲ ಬಿಡ್ತಾರಂತೆ,’ ಎಂದಳು. ಅವಳ ಮುಖದಲ್ಲಿ ನಗು ಇತ್ತು! ತಿಂಗಳಿಗೆ ಒಂದು ಸಲ ಗಂಡನನ್ನು ನೋಡಬಹುದು ಎಂದು ನಗುವ ಹೆಂಗಸನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆಗಸ್ಟಿನಲ್ಲಿ ನಾವೇ ಅವಳನ್ನು ಷಿಕಾಗೋ ಏರ್‌ಪೋರ್ಟಿಗೆ ಬಿಟ್ಟೆವು. ಅಲ್ಲಿಂದ ಫ್ರಾಂಕ್‌ಫರ್ಟ್, ಆಮೇಲೆ ರೈಲು. ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, ಶ್ರೀಧರ್ ಕೈ ಕುಲುಕಿ, ಒಂದು ಸಲವೂ ಹಿಂದೆ ನೋಡದೆ ಹೊರಟಳು. ನನ್ನ ಗಂಡ ನನಗೆ ಪೂರಾ ವಾಪಸ್ ಸಿಕ್ಕಿದರು. ನನಗೆ ಕುಣಿಯುವಷ್ಟು ಖುಷಿಯಾಗಬೇಕಿತ್ತು.

ಮಿಷಿಗನ್ ದಾರಿ ಹಿಡಿದು ಐವತ್ತು ಮೈಲಿ ಬಂದೆವು. ಕೊನೆಗೆ ನನಗೆ ತಡೆಯಲಾಗಲಿಲ್ಲ.

‘ರೀ, ನೀವು ಮಾರೆಕ್ ಥರ ಜೈಲಲ್ಲಿ ಇದ್ದಿದ್ರೆ...’

‘ನೀನು ಬರ್ತಿರ್ಲಿಲ್ಲ, ಬಿಡು,’ ಎಂದರು. ಬೇಸರವಿಲ್ಲ, ಸಿಟ್ಟಿಲ್ಲ, ಕಣ್ಣು ರಸ್ತೆಯ ಮೇಲೆಯೇ ಇತ್ತು.

ಜಗಳ ತೆಗೆಯಲು ಬಾಯಿ ತೆರೆದೆ. ಆದರೆ ಅವರು ಹೇಳಿದ್ದು ನಿಜ. ಅವಳ ಮೇಲೆ ಅವತ್ತು ಬಂದಷ್ಟು ಹೊಟ್ಟೆಕಿಚ್ಚು ಮೊದಲು ಯಾವತ್ತೂ ಬಂದಿರಲಿಲ್ಲ.