ಮಗ್ಗದ ಕುಣಿಯಲ್ಲಿ ಚಿಗುರಿದ ಎಲೆಬಳ್ಳಿ

ಇಳಕಲ್ಲಿನ ನೇಕಾರ ಹುಸೇನಸಾಬರ ಹೆಂಡತಿ ದಸ್ತಗೀರಬಿಗೆ ಚೊಳಚಗುಡ್ಡ ತವರು. ಅಲ್ಲಿ ಅವಳ ತಾಯಿ ಅಮೀನಬಿಯ ವೀಳ್ಯದ ಎಲೆತೋಟವಿತ್ತು. ಊರಿಂದೂರಿಗೆ ಚಕ್ಕಡಿಯೇ ಗತಿಯಾಗಿದ್ದ ಕಾಲ. ದೀಪಾವಳಿ ಕಳೆದ ಮೇಲೆ ಮುದುಕಿ ಒಂದು ಬಳ್ಳಿಯನ್ನು ಗಡಿಗೆಯಲ್ಲಿ ನೆಟ್ಟು ಮಗಳ ಕೈಗಿಟ್ಟಳು.

"ಸುಗರಾನ ನಿಕಾಕ್ಕ ಬರಾಕ ನನ್ನ ಮೊಣಕಾಲು ಒಲ್ಲೆ ಅಂತಾವು. ಮೊಮ್ಮಗಳ ಕೈಯಾಗ ಇದರದೊಂದು ಎಲಿ ಇಡು. ಖಾರ ಹತ್ತಿದ್ರ ನಾನ ಬಂದೇನಿ ಅಂತ ತಿಳೀಲಿ."

ಇಳಕಲ್ಲಿಗೆ ಬಂದ ಬಳ್ಳಿಯನ್ನು ಮಾಗಿಯ ಚಳಿ ಹಿಡಿಯಿತು. ಒಣಗಾಳಿಗೆ ಎಲೆಗಳು ಮುರುಟಿ ಕಪ್ಪಾದವು. ಥಂಡಿ ಹತ್ತಿದ ಜೀವಕ್ಕೆ ಏನು ಮಾಡಬೇಕೆಂಬುದು ಮಕ್ಕಳನ್ನು ಹಡೆದ ದಸ್ತಗೀರಬಿಗೆ ಗೊತ್ತಿರಲಿಲ್ಲವೇ? ಗಡಿಗೆಯನ್ನು ಒಳಕೋಣೆಯ ಹೊರಸಿನ ಮೇಲಿಟ್ಟು ಕೌದಿ ಸುತ್ತಿದಳು. ಹೊರಸಿನ ಕೆಳಗೆ ಕೆಂಡವಿಟ್ಟು ಅಜವಾನದ ಹೊಗೆ ಹಾಕಿದಳು.

ಒಲೆಗೆ ಕೆಂಡ ಇಸಿದುಕೊಳ್ಳಲು ಬಂದ ಪಕ್ಕದ ಮನೆಯ ಗುರುಲಿಂಗವ್ವ ಬಾಗಿಲಲ್ಲೇ ನಿಂತಳು.

"ಯಕ್ಕಾ, ಬಳ್ಳಿ ಏನು ಹಡೀತು? ಗಂಡೋ, ಹೆಣ್ಣೋ?"

"ನಗಬ್ಯಾಡ. ಥಂಡಿ ಆಗೈತಿ ಅದಕ್ಕ."

"ಹಂಗಾದ್ರ ಬಾಣಂತಿಗೆ ಕೊಡೋ ಅಳವಿ ಪಾಯಸಾನೂ ಕುಡಿಸು."

ಬಾಣಂತನ ಬಳ್ಳಿಗೆ ಆಗಿಬರಲಿಲ್ಲ. ಕೌದಿ ಬಿಚ್ಚಿದರೆ ತುದಿಯಲ್ಲಿ ಒಂದೇ ಹಸಿರೆಲೆ ಉಳಿದಿತ್ತು. ತಾಯಿಗೆ ಏನು ಹೇಳುವುದು?

ಅಷ್ಟರಲ್ಲಿ ಮಗ್ಗದ ಕೋಣೆಯಿಂದ ಹುಸೇನಸಾಬರು ಕೂಗಿದರು. "ಸುಗರಾನ ಅವ್ವಾ, ಈ ಗಾಳಿಗೆ ಎಳಿ ಪಟಪಟ ಹರಿಯಾಕ ಹತ್ಯಾವು. ಗೋಣಿ ತೊಯ್ಸಿ ಹಾಕು."

ಪ್ರತಿ ಚಳಿಗಾಲದ ಕೆಲಸವೇ ಅದು. ನೂಲು ಒಣಗಿ ಹರಿಯದಂತೆ ಕಿಟಕಿ ಮುಚ್ಚಿ, ನೇಕಾರ ಕಾಲು ಇಳಿಬಿಡುವ ಕುಣಿಯಲ್ಲಿ ಒದ್ದೆ ಗೋಣಿ ಹಾಸಬೇಕು. ಹಾಸಲು ಬಗ್ಗಿದ ದಸ್ತಗೀರಬಿ ಹಾಗೇ ನಿಂತಳು. ಕುಣಿಯೊಳಗೆ ಗಾಳಿಯಿಲ್ಲ, ಹಿತವಾದ ಬಿಸುಪು, ಹಸಿಮಣ್ಣಿನ ವಾಸನೆ. ಥೇಟ್ ಅವ್ವನ ತೋಟದ ವಾಸನೆ. ಓಡಿಹೋಗಿ ಗಡಿಗೆ ತಂದು ಕುಣಿಯ ಮೂಲೆಯಲ್ಲಿಟ್ಟಳು.

"ನನ್ನ ಕಾಲು ಎಲ್ಲಿಡ್ಲಿ?" ಎಂದರು ಹುಸೇನಸಾಬರು.

"ನಿಮ್ಮ ಅತ್ತಿ ಕಳಿಸಿದ್ದು, ಒದೀಬ್ಯಾಡ್ರಿ."

"ಅತ್ತಿ ಕಾಲಾಗ ಬಂದು ಕುಂತ್ರ ನಾ ನೇಯೋದು ಹ್ಯಾಂಗ?"

ಗೊಣಗುತ್ತಲೇ ಅವರು ಕಾಲು ಸರಿಸಿಕೊಂಡರು. ಮಾಳಿಗೆಯ ಬೆಳಕಿಂಡಿಯ ಬಿಸಿಲು ಕುಣಿಯ ತನಕ ಇಳಿಯುತ್ತಿತ್ತು. ಮಗಳ ಮದುವೆಯ ಸೀರೆ ಅರ್ಧವಾಗುವಷ್ಟರಲ್ಲಿ ಬಳ್ಳಿ ಚಿಗುರಿ ಮಗ್ಗದ ಕಂಬಕ್ಕೆ ಕೈಹಾಕಿತು. ಹುಸೇನಸಾಬರೇ ಅದಕ್ಕೊಂದು ನೂಲು ಕಟ್ಟಿ, "ಅತ್ತಿ ಮ್ಯಾಲ ಹತ್ತಿದ್ರು ನೋಡು" ಎಂದು ಹೆಂಡತಿಯನ್ನು ಕರೆದು ತೋರಿಸಿದರು.

ನಿಕಾದ ದಿನ ದಸ್ತಗೀರಬಿ ಮಗಳ ಅಂಗೈಯಲ್ಲಿ ಎಲೆಯನ್ನಿಟ್ಟಳು. ಸುಗರಾ ಅಗಿದಳು. ಕಣ್ಣಲ್ಲಿ ನೀರು ಬಂತು, ಮುಸುಕಿನೊಳಗೇ ನಕ್ಕಳು.

"ನಾನಿ ಬಂದಾಳವ್ವಾ. ಭಾಳ ಖಾರ ಅದಾಳ."

ಹೆಂಗಸರೆಲ್ಲ ನಕ್ಕರು. ಗುರುಲಿಂಗವ್ವ ಮೆಲ್ಲಗೆ ಪಕ್ಕಕ್ಕೆ ಸರಿದು, "ಯಕ್ಕಾ, ನಮ್ಮ ಮಗ್ಗಕ್ಕೂ ಒಂದು ತುಂಡು ಬಳ್ಳಿ ಕೊಡು" ಎಂದಳು.

"ಕೊಡ್ತೇನಿ. ಬೆಂಕಿ ಮಾತ್ರ ಕಾಸಬ್ಯಾಡವಾ."